ಕಾರ್ಡಿನ ಹಿಂಬದಿಯನ್ನೂ ಓದಿರಿ

‘ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ’ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಕೂಡಿಡುವುದು ಮಕ್ಕಳಿಗೆ ಸಹಜವಾದ ಗುಣ. ಒಬ್ಬನು ಅಂಚೆಚೀಟಿಗಳನ್ನು ಸಂಗ್ರಹಿಸುತ್ತಾನೆ. ಒಬ್ಬಳು ನವಿಲುಗರಿಯನ್ನು ಪುಸ್ತಕದಲ್ಲಿಟ್ಟು ಅದು ಮರಿ ಹಾಕೀತೆಂದು ಕಾಯುತ್ತಾಳೆ. ನಾವು ಚಿಕ್ಕವರಿದ್ದಾಗ ಬೆಂಕಿಪೊಟ್ಟಣದ ಚಿತ್ರಗಳನ್ನೂ, ಬಿಗ್ ಫನ್ ಬಬಲ್ ಗಮ್ಮಿನ ಜೊತೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಚಿತ್ರಗಳನ್ನೂ ಕೂಡಿಸುತ್ತಿದ್ದೆವು. ಇಂದಿನ ಹುಡುಗರು ಅಂಗಡಿಯಿಂದ ಹೊಳೆಯುವ ಕ್ರಿಕೆಟ್ ಕಾರ್ಡುಗಳನ್ನು ಕೊಂಡು ತರುತ್ತಾರೆ. ಇದು ಒಳ್ಳೆಯ ಹವ್ಯಾಸವೋ, ಬರಿಯ ಕಾಲಹರಣವೋ ಎಂದು ಪೋಷಕರು ನಮ್ಮನ್ನು ಆಗಾಗ ಕೇಳುವುದುಂಟು. ಉತ್ತರ ಹೇಳುವ ಮುನ್ನ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಹಿಂದೂಪುರದ ಒಂದು ತರಗತಿಯಲ್ಲಿ ನಾವು ಪದ್ಯಭಾಗವನ್ನು ಬೋಧಿಸುತ್ತಿದ್ದೆವು. ಹಿಂದಿನ ಬೆಂಚಿನ ಹುಡುಗನೊಬ್ಬ ಪುಸ್ತಕದ ಮರೆಯಲ್ಲಿ ಏನನ್ನೋ ನೋಡುತ್ತಿದ್ದ. ಹೋಗಿ ನೋಡಿದರೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ; ಅದರ ತುಂಬ ಆಟಗಾರರ ಚಿತ್ರಗಳು. ಏನು, ಎತ್ತ ಎಂದು ವಿಚಾರಿಸದೆ ಅದನ್ನು ಕಿತ್ತುಕೊಂಡು ಬೀರುವಿನಲ್ಲಿ ಹಾಕಿ ಬೀಗ ಜಡಿದೆವು. ಹುಡುಗ ಅಳಲಿಲ್ಲ. “ಸಾರ್, ಅದು ನಮ್ಮಪ್ಪಂದು” ಎಂದಷ್ಟೇ ಹೇಳಿದ. ನಾವು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಳೆಗಾಲ ಮುಗಿದ ಮೇಲೆ ಅವನ ತಂದೆ ಶಾಲೆಗೆ ಬಂದರು. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ದುಡಿಯುವವರು. ಹುಟ್ಟಿ ಬೆಳೆದದ್ದು ಕಲ್ಯಾಣದುರ್ಗದಲ್ಲಿ. “ತಪ್ಪು ನಮ್ಮ ಹುಡುಗನದೇ ಮೇಷ್ಟ್ರೇ, ಡಬ್ಬಿ ಮಾತ್ರ ಕೊಟ್ಟುಬಿಡಿ” ಎಂದರು. ಬೀರು ತೆಗೆದರೆ ಗೋಡೆಯಿಂದ ನೀರಿಳಿದು ಕೆಳಗಿನ ಕಾರ್ಡುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅವರು ಒಂದು ಮಾತೂ ಆಡದೆ ಅಲ್ಲೇ ಕುಳಿತು, ಉಗುರಿನ ತುದಿಯಿಂದ ಒಂದೊಂದನ್ನೇ ಬಿಡಿಸತೊಡಗಿದರು.

ಆಗ ನಾವು ಮೊದಲ ಬಾರಿಗೆ ಅವುಗಳನ್ನು ಸರಿಯಾಗಿ ನೋಡಿದೆವು. ಅವು ಅಂಗಡಿಯ ಕಾರ್ಡುಗಳಲ್ಲ. ಕ್ಷೌರದಂಗಡಿಯ ಹಳೆಯ ಪತ್ರಿಕೆಗಳಿಂದ ಚಿತ್ರ ಕತ್ತರಿಸಿ, ಲಗ್ನಪತ್ರಿಕೆಯ ರಟ್ಟಿಗೆ ಮೈದಾ ಅಂಟಿನಿಂದ ಅಂಟಿಸಿದವು. ಹಿಂಬದಿಯಲ್ಲಿ ಆಟಗಾರನ ಊರು, ರನ್ನು, ವಿಕೆಟ್ಟು, ಎಲ್ಲವೂ ಮುದ್ದಾದ ಕನ್ನಡ ಅಕ್ಷರಗಳಲ್ಲಿ. ಕೆಲವು ಮಾತ್ರ ತೆಲುಗಿನಲ್ಲಿ. ಅವು ತೆಲುಗು ಮಾಧ್ಯಮದ ಗೆಳೆಯನಿಂದ ಅದಲುಬದಲಾಗಿ ಬಂದವಂತೆ. ಎರಡು ಭಾಷೆಯ ಮಕ್ಕಳು ಒಂದೇ ಡಬ್ಬಿಯಲ್ಲಿ ಜೊತೆಗಿದ್ದರು. ನಾವು ಕಲಿಸಬೇಕೆಂದು ಹೆಣಗುವ ಶುದ್ಧ ಬರವಣಿಗೆ, ವಿಷಯ ಸಂಗ್ರಹ, ಸ್ನೇಹ, ಮೂರೂ ಅಲ್ಲಿದ್ದವು. ಅದನ್ನೇ ನಾವು ಬೀರುವಿನಲ್ಲಿ ನೆನೆಯಲು ಬಿಟ್ಟಿದ್ದೆವು.

ಒಂದು ಕಾರ್ಡು ಬಿ.ಎಸ್. ಚಂದ್ರಶೇಖರ್ ಅವರದು. 58 ಟೆಸ್ಟ್, 242 ವಿಕೆಟ್, 167 ರನ್. ತೆಗೆದ ವಿಕೆಟ್ಟುಗಳಿಗಿಂತ ಗಳಿಸಿದ ರನ್ನುಗಳು ಕಡಿಮೆ! ಮಕ್ಕಳು ಇದನ್ನು ಓದಿ ನಗುತ್ತಾರೆ, ನಗಲಿ. ಆದರೆ ಬಾಲ್ಯದಲ್ಲಿ ಪೋಲಿಯೋ ತಗುಲಿ ಸೊರಗಿದ ಬಲಗೈಯಿಂದಲೇ ಅವರು ಬೌಲಿಂಗ್ ಮಾಡಿದರೆಂಬುದನ್ನೂ, 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಪಡೆದು ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಗೆಲುವನ್ನು ತಂದುಕೊಟ್ಟರೆಂಬುದನ್ನೂ ಅವರಿಗೆ ಹೇಳಬೇಡವೇ?

ಇನ್ನೊಂದು, ಭದ್ರಾವತಿಯ ಜಿ.ಆರ್. ವಿಶ್ವನಾಥ್ ಅವರದು. 1969ರಲ್ಲಿ ಕಾನ್ಪುರದ ಮೊದಲ ಟೆಸ್ಟಿನ ಮೊದಲ ಸರದಿಯಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಇದನ್ನು ಅಂಕಿಗಳೇ ಹೇಳುತ್ತವೆ. ಅಂಕಿಗಳು ಹೇಳದ ಸಂಗತಿ ಮತ್ತೊಂದಿದೆ. 1980ರ ಮುಂಬಯಿ ಟೆಸ್ಟಿನಲ್ಲಿ ಅವರು ನಾಯಕರು. ಇಂಗ್ಲೆಂಡಿನ ಬಾಬ್ ಟೇಲರ್ ಔಟೆಂದು ಅಂಪೈರ್ ತೀರ್ಪಿತ್ತಾಗ, ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನಗಂಡು ಅವರನ್ನು ಮರಳಿ ಕರೆಸಿದರು. ಭಾರತ ಆ ಪಂದ್ಯವನ್ನು 10 ವಿಕೆಟ್ಟುಗಳಿಂದ ಸೋತಿತು. ಕಾರ್ಡಿನಲ್ಲಿ ಸೋಲಿಗೆ ಸ್ಥಳವಿದೆ, ಸಜ್ಜನಿಕೆಗೆ ಇಲ್ಲ. ಆ ಸ್ಥಳವನ್ನು ತುಂಬಬೇಕಾದವರು ತಂದೆತಾಯಿಗಳು, ಅಧ್ಯಾಪಕರು.

ಈ ಹವ್ಯಾಸ ಇಂದು ನಿನ್ನೆಯದಲ್ಲ. ಹಿಂದೆ ಸಿಗರೇಟಿನ ಮೆತ್ತನೆಯ ಪೊಟ್ಟಣ ಮಡಚಿಹೋಗದಂತೆ ಒಳಗೆ ಒಂದು ರಟ್ಟನ್ನು ಇಡುತ್ತಿದ್ದರು. ಅದರ ಮೇಲೆ ಆಟಗಾರರ ಚಿತ್ರ ಅಚ್ಚುಮಾಡಿದರೆ ಮಾಲು ಹೆಚ್ಚು ಖರ್ಚಾಗುವುದೆಂದು ಕಂಪನಿಗಳು ಕಂಡುಕೊಂಡವು. ಅಮೆರಿಕೆಯಲ್ಲಿ ಅವು ಬೇಸ್‌ಬಾಲ್ ಆಟಗಾರರ ಚಿತ್ರಗಳು. ಹೋನಸ್ ವ್ಯಾಗ್ನರ್ ಎಂಬ ಆಟಗಾರ ಒಪ್ಪದಿದ್ದುದರಿಂದ ಅವರ ಕಾರ್ಡು ಕೆಲವೇ ಅಚ್ಚಾದವು. ತಂಬಾಕಿನ ಜೊತೆ ತನ್ನ ಚಿತ್ರ ಮಕ್ಕಳ ಕೈ ಸೇರಬಾರದೆಂದು ಅವರು ತಡೆದರೆಂದು ಕೆಲವರೂ, ಹಣದ ವಿಚಾರಕ್ಕೆಂದು ಕೆಲವರೂ ಹೇಳುತ್ತಾರೆ. ಅಂತಹ ಒಂದು ಕಾರ್ಡು 2022ರಲ್ಲಿ 72 ಲಕ್ಷ 50 ಸಾವಿರ ಡಾಲರಿಗೆ ಮಾರಾಟವಾಯಿತು. ಅದೇ ವರ್ಷ ಮಿಕ್ಕಿ ಮ್ಯಾಂಟಲ್ ಅವರ 1952ರ ಕಾರ್ಡು 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು.

ಇದನ್ನು ಕೇಳಿ ಮಕ್ಕಳೇ, ನಾಳೆಯಿಂದ ನೀವೂ ಲಕ್ಷಾಧೀಶರಾಗುವ ಕನಸು ಕಾಣಬೇಡಿರಿ. ಒಳಗೆ ಯಾರ ಚಿತ್ರವಿದೆಯೋ ತಿಳಿಯದೆ, ಬೇಕಾದದ್ದು ಸಿಕ್ಕೀತೆಂದು ಪೊಟ್ಟಣದ ಮೇಲೆ ಪೊಟ್ಟಣ ಕೊಳ್ಳುವುದು ಹವ್ಯಾಸವಲ್ಲ, ಜೂಜಿನ ಮೊದಲ ಮೆಟ್ಟಿಲು. ಕಾರ್ಡು ಪಣವಿಟ್ಟು ಆಡುವುದೂ ಅಂತಹುದೇ. ತಂದೆ ಬೆವರು ಸುರಿಸಿ ತಂದ ಹಣ ಅದಕ್ಕಲ್ಲ.

ಹಣವಿಲ್ಲದೆಯೂ ಕಾರ್ಡು ಕೂಡಿಸಬಹುದೆಂದು ಕಲ್ಯಾಣದುರ್ಗದ ಆ ಡಬ್ಬಿ ನಮಗೆ ತೋರಿಸಿಕೊಟ್ಟಿತು. ನೀವೂ ರಟ್ಟು, ಕತ್ತರಿ, ಅಂಟು ಹಿಡಿದು ಕುಳಿತುಕೊಳ್ಳಿರಿ. ಅಂಗಡಿಯಲ್ಲಿ ಸಿಗದವರನ್ನೂ ಸೇರಿಸಿರಿ. ನಮ್ಮ ಬಾಲ್ಯದ ಕಾರ್ಡುಗಳಲ್ಲಿ ಹೆಣ್ಣುಮಕ್ಕಳ ಚಿತ್ರವನ್ನು ನಾವು ಕಂಡದ್ದೇ ಇಲ್ಲ. ಆದರೆ 1976ರಲ್ಲಿ ಪಾಟ್ನಾದಲ್ಲಿ ಭಾರತದ ಮಹಿಳೆಯರು ಮೊದಲ ಟೆಸ್ಟ್ ಗೆದ್ದಾಗ ನಾಯಕಿಯಾಗಿದ್ದವರು ಕರ್ನಾಟಕದ ಶಾಂತಾ ರಂಗಸ್ವಾಮಿ. 2023ರಲ್ಲಿ ಭಾರತ ತಂಡಕ್ಕೆ ಆಡಿದ ಬಾರೆಡ್ಡಿ ಅನೂಷಾ ನಮ್ಮ ಅನಂತಪುರದ ಕಡೆಯ ಹಳ್ಳಿಯ ಹುಡುಗಿ. ಅವರ ಕಾರ್ಡನ್ನು ನಮ್ಮ ಹುಡುಗಿಯರಲ್ಲದೆ ಇನ್ನಾರು ಮಾಡಬೇಕು?

ಪೋಷಕರಲ್ಲಿ ನಮ್ಮ ವಿನಂತಿ ಇಷ್ಟೇ: ಮಗುವಿನ ಡಬ್ಬಿಯನ್ನು ಕಸಕ್ಕೆ ಎಸೆಯುವ ಮೊದಲು ಒಮ್ಮೆ ತೆರೆದು ನೋಡಿರಿ. “ಇವರು ಯಾರು? ಇವರ ಕಥೆ ಏನು?” ಎಂದು ಕೇಳಿರಿ. ಮಗು ಉತ್ತರಿಸಿದರೆ ಅದು ವಿದ್ಯೆ. ಉತ್ತರಿಸದಿದ್ದರೆ ಕಲಿಸಲು ಅದೇ ಸುಸಮಯ.

ಆ ಹುಡುಗ ಈಗ ಶಾಲೆ ಮುಗಿಸಿ ಹೋಗಿದ್ದಾನೆ. ಬಿಡಿಸಲಾಗದೆ ಹರಿದುಹೋದ ಕಾರ್ಡುಗಳು ಒಂಬತ್ತು. ಅಂದಿನಿಂದ ನಾವು ತರಗತಿಯಲ್ಲಿ ಏನನ್ನಾದರೂ ಕೈಯಿಂದ ತೆಗೆದುಕೊಂಡರೆ ಸಂಜೆಯ ಗಂಟೆ ಬಾರಿಸುವ ಮೊದಲೇ, ಒಂದು ಪ್ರಶ್ನೆ ಕೇಳಿ, ಹಿಂದಿರುಗಿಸುತ್ತೇವೆ.