ರೊಟ್ಟಿ ಅಂದ್ರೆ ರೋಟಿ ಅಲ್ಲ

ಬೆಂಗಳೂರಿನ ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಕಡೆ ಸಂಜೆ ಕೋಚಿಂಗ್ ಕ್ಲಾಸು ಬಿಡುವ ಹೊತ್ತಿಗೆ ಹೋಗಿ ನೋಡಿ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ಬ್ಯಾಗಿನ ತುಂಬ ಪುಸ್ತಕ ಹೊತ್ತವರು ಒಮ್ಮೆಲೇ ರಸ್ತೆಗೆ ಇಳಿಯುತ್ತಾರೆ. ಒಂದಷ್ಟು ಜನ ಗೋಬಿ ಮಂಚೂರಿ ಗಾಡಿಗೆ ಮುತ್ತಿಕೊಂಡರೆ, ಒಂದಷ್ಟು ಜನ ದರ್ಶಿನಿಯಲ್ಲಿ ನಿಂತೇ ರೈಸ್‌ಬಾತ್ ಮುಗಿಸುತ್ತಾರೆ. ಉಳಿದವರು ಅಡ್ಡರಸ್ತೆಗೆ ತಿರುಗುತ್ತಾರೆ. ಅಲ್ಲಿ ಬಣ್ಣ ಮಾಸಿದ ಒಂದು ಬೋರ್ಡು: 'ಜೋಳದ ರೊಟ್ಟಿ ಊಟ'. ಒಳಗೆ ಐದಾರು ಮೇಜು. ಹಿಂದಿನಿಂದ ರೊಟ್ಟಿ ಬಡಿಯುವ ಸದ್ದು. ಆ ಸದ್ದು ಕಿವಿಗೆ ಬಿದ್ದರೆ ವಿಜಯಪುರ, ರಾಯಚೂರು, ಗದಗದ ಹುಡುಗರ ಹೆಜ್ಜೆ ತಾನಾಗಿಯೇ ಬಿರುಸಾಗುತ್ತದೆ.

ಇದಕ್ಕೆ ಬಾಯಿಚಪಲ ಎಂದು ಹೆಸರಿಡುವವರು ಬಹಳ. 'ಓದಲಿಕ್ಕೆ ಬಂದೀಯೋ, ತಿನ್ನಲಿಕ್ಕೆ ಬಂದೀಯೋ' ಎಂದು ಊರಿನ ಹಿರಿಯರು ಕೇಳುತ್ತಾರೆ. 'ಬೆಂಗಳೂರಿಗೆ ಬಂದ ಮೇಲೆ ಅಡ್ಜಸ್ಟ್ ಮಾಡ್ಕೋಬೇಕಪ್ಪ' ಎಂದು ಪಿ.ಜಿ. ಮಾಲೀಕರು ಹೇಳುತ್ತಾರೆ. ಅಡ್ಜಸ್ಟ್ ಮಾಡಿಕೊಂಡೇ ಇದ್ದೇವೆ, ಆ ಮಾತು ಬೇರೆ. ಆದರೆ ಊರಿನ ಊಟ ಬೇಕೆನ್ನಿಸುವುದು ಚಪಲವಲ್ಲ. ಕೆಲಸವಿಲ್ಲದೆ, ಮನೆಯಿಂದ ಬರುವ ದುಡ್ಡಿನಲ್ಲಿ, ಒಂದೊಂದು ಪರೀಕ್ಷೆಗೂ ಎರಡು ಮೂರು ವರ್ಷ ಕಾಯುವವರು ಈ ಊರಲ್ಲಿ ಉಳಿಯಲು ಬೇಕಾದ ಸಾಮಾನುಗಳಲ್ಲಿ ಅದೂ ಒಂದು.

ಪಿ.ಜಿ.ಯ ವಾರದ ಪಟ್ಟಿಯನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಚಿತ್ರಾನ್ನ ಇಲ್ಲವೇ ಪಲಾವ್, ಮಧ್ಯಾಹ್ನ ಅನ್ನ ಸಾಂಬಾರ್, ರಾತ್ರಿ ಮತ್ತೆ ಅನ್ನ, ಜೊತೆಗೆ ಎರಡು ಚಪಾತಿ. ಆ ಚಪಾತಿಯನ್ನು ಎರಡು ಕೈಯಲ್ಲಿ ಹಿಡಿದು ಎಳೆದರೂ ಹರಿಯುವುದಿಲ್ಲ. ದಿನಕ್ಕೆ ಎರಡು ಹೊತ್ತು ರೊಟ್ಟಿ ತಿಂದು ಬೆಳೆದವನಿಗೆ ಅನ್ನ ಎಂದರೆ ಊಟದ ಕೊನೆಗೆ ಮೊಸರಿನ ಜೊತೆ ಬರುವ ಪದಾರ್ಥ. ಮೂರು ಹೊತ್ತೂ ಅದೇ ಆದಾಗ ಹೊಟ್ಟೆ ಉಬ್ಬುತ್ತದೆ, ಉಂಡ ಹಾಗಾಗುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಮತ್ತೆ ಹಸಿವು. ಆಮೇಲೆ ಅಂಗಡಿಯ ಚಿಪ್ಸ್, ಬನ್ನು, ನೂಡಲ್ಸ್. ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ಈ 'ಸಣ್ಣ' ಖರ್ಚು ವಾರಕ್ಕೆ ಎರಡು ರೊಟ್ಟಿ ಊಟದ ಖರ್ಚನ್ನು ಮೀರಿರುತ್ತದೆ. ರಾತ್ರಿ ಅವ್ವನ ಫೋನು ಬರುತ್ತದೆ. 'ಊಟ ಆತೇನಪಾ?' 'ಆತಬೇ.' 'ಏನ್ ಉಂಡಿ?' ಈ ಎರಡನೆಯ ಪ್ರಶ್ನೆಗೆ ನಿಜ ಹೇಳುವ ಮಕ್ಕಳು ಕಡಿಮೆ.

ಧಾರವಾಡದಲ್ಲಿ ಓದುವವರಿಗೆ ಈ ಕಷ್ಟ ಇಷ್ಟಿಲ್ಲ. ಸುತ್ತಲ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬುತ್ತಿ ಬರುತ್ತದೆ. ಬಟ್ಟೆಯಲ್ಲಿ ಕಟ್ಟಿ, ಹೆಸರು ಬರೆದ ಡಬ್ಬಿಗಳನ್ನು ಡ್ರೈವರ್ ಪಕ್ಕದಲ್ಲಿ ಸಾಲಾಗಿ ಇಟ್ಟಿರುತ್ತಾರೆ. ಬಸ್ಸು ಬಂದೊಡನೆ ಹುಡುಗರು ತಮ್ಮ ತಮ್ಮ ಡಬ್ಬಿ ಎತ್ತಿಕೊಂಡು, ನಿನ್ನೆಯ ಖಾಲಿ ಡಬ್ಬಿ ಇಟ್ಟು ಹೋಗುತ್ತಾರೆ. ಕಂಡಕ್ಟರಣ್ಣನಿಗೆ ಯಾವ ಡಬ್ಬಿ ಯಾರದೆಂದು ಬಾಯಿಪಾಠ. ಬಡ ಮನೆಯ ಎಷ್ಟೋ ಮಕ್ಕಳು ಡಿಗ್ರಿ ಮುಗಿಸಿದ್ದು ಈ ಬುತ್ತಿಯ ಬಲದಿಂದ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ನಾನೂರು ಕಿಲೋಮೀಟರಿಗೂ ಹೆಚ್ಚು. ಅಷ್ಟು ದೂರ ಬುತ್ತಿ ಬರುವುದಿಲ್ಲ, ಹಬ್ಬಕ್ಕೆ ಹೋದವರು ತರುವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬರುತ್ತದೆ. ಹೊಸ ಸೆಮಿಸ್ಟರಿನ ಮೊದಲ ವಾರ ರೂಮಿನಲ್ಲಿ ಅದರದೇ ಹಂಚಿಕೆ, ಎರಡನೆಯ ವಾರ ಅದರದೇ ಜಗಳ.

ಹಾಗಾಗಿ ಖಾನಾವಳಿ. ಈ ಪದ ನಮಗೆ ಮರಾಠಿಯಿಂದ ಬಂದದ್ದು. ಅದರ ಹಿಂದೆ ಊರು ಬಿಟ್ಟು ದುಡಿಯಲು ಬಂದವರ ಕಥೆಯೇ ಇದೆ. ಮುಂಬೈನ ಬಟ್ಟೆ ಗಿರಣಿಗಳಲ್ಲಿ ದುಡಿಯಲು ಬಂದ ಗಂಡಸರಿಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕಿದವರು ಸುತ್ತಲಿನ ಚಾಳುಗಳ ಹೆಂಗಸರು. ಪಗಾರ ಬಂದ ಮೇಲೆ ದುಡ್ಡು, ಅಲ್ಲಿಯವರೆಗೆ ಉದ್ರಿ. 1975ರಲ್ಲಿ ಪ್ರೇಮಾ ಪುರವ್ ಅವರು ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ ಆ ಹೆಂಗಸರಿಗೆ ಬ್ಯಾಂಕ್ ಸಾಲ ಸಿಗುವಂತೆ ಮಾಡಿದರು. ಅಲ್ಲಿಯವರೆಗೆ ದಿನಸಿಗಾಗಿ ಲೇವಾದೇವಿಯವರ ಬಡ್ಡಿಯಲ್ಲಿ ಸಿಕ್ಕಿಕೊಂಡಿದ್ದವರು ಅವರು. ನಮ್ಮ ಕರಾವಳಿಯವರೂ ಅದೇ ಮುಂಬೈನಲ್ಲಿ ಊರಿನ ಊಟ ಹುಡುಕಿದರು. 1942ರಲ್ಲಿ ಮಾಟುಂಗಾದಲ್ಲಿ ಎ. ರಾಮ ನಾಯಕ್ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇವತ್ತಿಗೂ ಬಾಳೆಲೆ ಹಾಕುತ್ತಿದೆ. ಬೆಂಗಳೂರಿನ ಗಾಂಧಿ ಬಜಾರಿನಲ್ಲಿ 1943ರಿಂದ ಇರುವ ವಿದ್ಯಾರ್ಥಿ ಭವನಕ್ಕೆ ಆ ಹೆಸರು ಬಂದದ್ದೇ ಸುತ್ತಲಿನ ವಿದ್ಯಾರ್ಥಿಗಳಿಂದ. ಇವತ್ತು ಅಲ್ಲಿ ದೋಸೆಗೆ ಕಾಯುವ ಸಾಲಿನಲ್ಲಿ ಪ್ರವಾಸಿಗರೇ ಹೆಚ್ಚು ಕಾಣುತ್ತಾರೆ. ಹೆಸರಾದ ಹೋಟೆಲುಗಳ ಬೇರು ಹುಡುಕಿದರೆ ಕಿಸೆಯಲ್ಲಿ ಚಿಲ್ಲರೆ ಇಟ್ಟುಕೊಂಡು ಬಂದ ಒಂಟಿ ಹುಡುಗರೇ ಸಿಗುತ್ತಾರೆ.

ಈಗಿನ ಬೆಂಗಳೂರಿನಲ್ಲಿ ಊರಿನ ಊಟ ಎರಡು ದಾರಿ ಹಿಡಿದಿದೆ. ಒಂದು, ಮೇಲೆ ಹೇಳಿದ ಅಡ್ಡರಸ್ತೆಯದು. ಇನ್ನೊಂದು ಮುಖ್ಯರಸ್ತೆಯದು. ಬಾಗಿಲಲ್ಲಿ ಎತ್ತಿನ ಗಾಡಿಯ ಚಕ್ರ, ಗೋಡೆಗೆ ಇಳಕಲ್ ಸೀರೆಯ ಸೆರಗು, ಹಿತ್ತಾಳೆ ತಟ್ಟೆಯಲ್ಲಿ ಹದಿನೆಂಟು ಬಟ್ಟಲು, ರೊಟ್ಟಿ ಮಾತ್ರ ಒಂದೂವರೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲಂತೂ ಜೋಳಕ್ಕೆ 'ಮಿಲೆಟ್' ಎಂಬ ಕೋಟು ಬಿತ್ತು. ನಿನ್ನೆಯವರೆಗೆ ಬಡವರ ಊಟವಾಗಿದ್ದದ್ದು ಇಂದು ಸಕ್ಕರೆ ಕಾಯಿಲೆಯವರ ಊಟ, ತೂಕ ಇಳಿಸುವವರ ಊಟ. ಅವರು ತಿನ್ನಲಿ, ಬೇಡವೆನ್ನುವವರು ಯಾರು? ಬೆಳೆದ ರೈತನಿಗೆ ನಾಲ್ಕು ಕಾಸು ಹೆಚ್ಚು ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ಒಂದು ತಟ್ಟೆಗೆ ಮುನ್ನೂರು ನಾನೂರು ಕೇಳುವ ಈ ಜಾಗಗಳು ನಮ್ಮವಲ್ಲ. ಸ್ನೇಹಿತನಿಗೆ ಕೆಲಸ ಸಿಕ್ಕ ದಿನ ಅವನ ಖರ್ಚಿನಲ್ಲಿ ಒಮ್ಮೆ ಹೋಗಿ ಬರಬಹುದು. ಅಷ್ಟೇ.

ಸಾಮಾನ್ಯ ಹೋಟೆಲಿನ ಕಥೆ ಇನ್ನೂ ತಮಾಷೆ. 'ರೊಟ್ಟಿ ಐತೇನ್ರಿ?' ಎಂದರೆ 'ಇದೆ ಸಾರ್, ಬಟರ್ ರೋಟಿನಾ, ತಂದೂರಿ ರೋಟಿನಾ?' ಎನ್ನುತ್ತಾರೆ. ಉತ್ತರ ಎಂದರೆ ಪಂಜಾಬ್ ಎಂದೇ ಈ ಊರಿನ ಮೆನು ಕಾರ್ಡಿನ ತಿಳಿವಳಿಕೆ. ತುಂಗಭದ್ರೆಯ ಆಚೆಗೂ ಒಂದು ಉತ್ತರವಿದೆ. ಇನ್ನು ಸಾಂಬಾರಿಗೆ ಹಾಕುವ ಬೆಲ್ಲದ ಬಗ್ಗೆ ಬರೆಯುವುದಿಲ್ಲ. ಅದು ಬೆಂಗಳೂರಿಗೂ ನಮಗೂ ಇರುವ ಹಳೆಯ ವ್ಯಾಜ್ಯ, ಈ ಪುಟದಲ್ಲಿ ತೀರುವಂಥದ್ದಲ್ಲ.

ಜೋಳದ ರೊಟ್ಟಿ ಎಲ್ಲ ಹೋಟೆಲಿನಲ್ಲಿ ಯಾಕೆ ಸಿಗುವುದಿಲ್ಲ? ಕಾರಣ ಹಿಟ್ಟಿನಲ್ಲೇ ಇದೆ. ಗೋಧಿ ಹಿಟ್ಟನ್ನು ಜಿಗುಟಾಗಿ ಹಿಡಿದಿಡುವ ಗ್ಲುಟೆನ್ ಜೋಳದಲ್ಲಿ ಇಲ್ಲ. ಚಪಾತಿಯ ಹಿಟ್ಟನ್ನು ಬೆಳಿಗ್ಗೆ ಕಲಸಿ ಸಂಜೆಯವರೆಗೂ ಇಡಬಹುದು, ಜೋಳದ ಹಿಟ್ಟಿಗೆ ಅದು ನಡೆಯುವುದಿಲ್ಲ. ಕುದಿಯುವ ನೀರು ಹಾಕಿ, ಬಿಸಿ ಇರುವಾಗಲೇ ಅಂಗೈಯಿಂದ ನಾದಿ, ಎರಡು ಮೂರು ರೊಟ್ಟಿಗಾಗುವಷ್ಟನ್ನೇ ತೆಗೆದುಕೊಂಡು ಬಡಿಯಬೇಕು. ಹಿಟ್ಟು ಹಳತಾಗಿದ್ದರೆ ಅಂಚು ಸೀಳುತ್ತದೆ. ಬಡಿದದ್ದನ್ನು ಮುರಿಯದೆ ಎತ್ತಿ ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ, ಕೊನೆಗೆ ಉರಿಗೆ ಹಿಡಿದರೆ ಅದು ಉಬ್ಬಬೇಕು. ಉಬ್ಬದ ರೊಟ್ಟಿ ಕಂಡರೆ ಬಡಿದವರೇ ಮುಖ ಕಿವಿಚುತ್ತಾರೆ. ಈ ಕೈ ಬರಲು ವರ್ಷಗಳು ಬೇಕು. ಮಷಿನ್ ಬಂದಿವೆ, ದಾಸೋಹಕ್ಕೆ, ಮದುವೆಗೆ ಅವು ಸರಿ. ಅಡ್ಡರಸ್ತೆಯ ಖಾನಾವಳಿಯಲ್ಲಿ ಒಲೆಯ ಮುಂದೆ ಕೂತಿರುವವರು ಹೆಚ್ಚಾಗಿ ನಮ್ಮ ಕಡೆಯ ಅಕ್ಕಂದಿರೇ. ಗಂಡ ಕಟ್ಟಡ ಕೆಲಸಕ್ಕೋ ಸೆಕ್ಯುರಿಟಿ ಕೆಲಸಕ್ಕೋ ಬಂದ, ಇವರಿಗೆ ತಿಳಿದಿದ್ದ ವಿದ್ಯೆ ಇದು.

ಈ ವಿದ್ಯೆಗೆ ಅಲಂಕಾರ ಬೇಕಿಲ್ಲ ಎಂಬುದಕ್ಕೆ ಬಾದಾಮಿಯ ಬನಶಂಕರಿಗೆ ಹೋದವರೇ ಸಾಕ್ಷಿ. ಗುಡಿಯ ಹತ್ತಿರ ಹೆಂಗಸರು ಬುಟ್ಟಿ ಹೊತ್ತು ತಂದು ನೆಲದ ಮೇಲೆ ಕೂರಿಸಿ ಬಡಿಸುತ್ತಾರೆ: ರೊಟ್ಟಿ, ಕಾಳುಪಲ್ಯ, ಬದನೆಕಾಯಿ, ಕೆಂಪು ಖಾರ, ಹಿಂಡಿ, ಗಟ್ಟಿ ಮೊಸರು. ಬೋರ್ಡಿಲ್ಲ, ಬಿಲ್ಲಿಲ್ಲ. ಕಲಬುರಗಿಯಲ್ಲಿ ಜಿಲ್ಲಾಡಳಿತವು ಮಹಿಳಾ ಸಂಘಗಳನ್ನು ಸೇರಿಸಿಕೊಂಡು 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲೇ ಮಾರಾಟ ಶುರು ಮಾಡಿದೆ. ಬೆಂಗಳೂರಿನ ಹಾಸ್ಟೆಲ್, ಪಿ.ಜಿ.ಗಳು ಮನಸ್ಸು ಮಾಡಿದರೆ ವಾರಕ್ಕೆರಡು ದಿನ ಖಡಕ್ ರೊಟ್ಟಿ ತರಿಸಿ ಇಡುವುದು ಕಷ್ಟವಲ್ಲ. ಅದು ಕೆಡುವುದಿಲ್ಲ, ಬಿಸಿ ಮಾಡುವ ಗೊಡವೆಯೂ ಇಲ್ಲ. ಜೊತೆಗೆ ಒಂದು ಪಲ್ಯ, ಒಂದು ಹಿಂಡಿ, ಉಳ್ಳಾಗಡ್ಡಿ ಇದ್ದರೆ ಸಾಕು. ಕೇಳುವವರು ಕೇಳಬೇಕಷ್ಟೆ. ನಾವು ವೈಫೈ ನಿಧಾನವಾದರೆ ಮಾಲೀಕರ ಮುಂದೆ ಗುಂಪಾಗಿ ಹೋಗಿ ನಿಲ್ಲುತ್ತೇವೆ. ಊಟದ ವಿಷಯಕ್ಕೆ ಮಾತ್ರ ರೂಮಿನೊಳಗೇ ಗೊಣಗುತ್ತೇವೆ.

ಇದು ಉತ್ತರದವರ ಗೋಳು ಮಾತ್ರ ಎಂದು ಯಾರೂ ಓದಬಾರದು. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೋ ಹೋದ ಮಂಡ್ಯದ ಹುಡುಗ ಮುದ್ದೆ, ಬಸ್ಸಾರಿಗೆ ಹಾತೊರೆಯುತ್ತಾನೆ. ಕುಂದಾಪುರದ ಹುಡುಗಿಗೆ ಜ್ವರ ಬಂದಾಗ ಕುಚ್ಚಲಕ್ಕಿ ಗಂಜಿ ಬೇಕು, ಬಿಳಿ ಅನ್ನದ ಗಂಜಿ ಅವಳಿಗೆ ಗಂಜಿಯೇ ಅಲ್ಲ. ಮಲೆನಾಡಿನವರು ಮಳೆಗಾಲದಲ್ಲಿ ಕಡುಬಿನ ಮಾತು ತೆಗೆದರೆ ನಿಲ್ಲಿಸುವುದಿಲ್ಲ. ಒಂದೇ ರಾಜ್ಯ, ಒಂದೇ ಭಾಷೆ, ಆದರೆ ತಟ್ಟೆ ನೂರೆಂಟು. ಇಂದಿರಾ ಕ್ಯಾಂಟೀನ್ 2017ರಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಸಿಕ್ಕಿದ್ದು ನಮ್ಮಂಥವರಿಗೆ ದೊಡ್ಡ ಆಸರೆ. ಸರ್ಕಾರವೇ ಪಡಿತರದಲ್ಲಿ ದಕ್ಷಿಣಕ್ಕೆ ರಾಗಿ, ಉತ್ತರಕ್ಕೆ ಜೋಳ ಕೊಡುವ ಕ್ರಮ ಇಟ್ಟುಕೊಂಡಿದೆ. ಮನೆಯಲ್ಲಿ ಕೂತವನಿಗೆ ಅವನ ಧಾನ್ಯ ಸಿಗಬೇಕು ಎಂದು ಒಪ್ಪಿಕೊಂಡ ಮೇಲೆ, ಓದಲು ಊರು ಬಿಟ್ಟವನಿಗೆ ಯಾಕೆ ಬೇಡ?

ಸರ್ಕಾರದ ಮಾತು ಸರಿ, ನಮ್ಮದೂ ಒಂದಿಷ್ಟು ಇದೆ. ಹೊರಗೆ ಉಣ್ಣಲು ನಮ್ಮಲ್ಲಿ ಉಳಿಯುವುದು ವಾರಕ್ಕೆ ನೂರಿನ್ನೂರು ರೂಪಾಯಿ. ಅದರಲ್ಲಿ ಅರ್ಧ ಆ್ಯಪ್‌ಗಳ ಆಫರಿಗೆ ಹೋಗುತ್ತದೆ. ಬಿಸಿ ರೊಟ್ಟಿಗೂ ಆ್ಯಪ್‌ಗೂ ಆಗಿಬರುವುದಿಲ್ಲ. ಡಬ್ಬಿಯೊಳಗೆ ಹಬೆ ಹಿಡಿದು, ಬರುವಷ್ಟರಲ್ಲಿ ಅದು ಒದ್ದೆ ರಟ್ಟಾಗಿರುತ್ತದೆ. ಮೇಲೆ ಆ್ಯಪ್ ಹೋಟೆಲಿನಿಂದ ಕಮಿಷನ್ ಬೇರೆ ಮುರಿದುಕೊಳ್ಳುತ್ತದೆ. ರೊಟ್ಟಿ ತಿನ್ನಬೇಕಾದರೆ ನಾವೇ ನಡೆದು ಹೋಗಿ ಒಲೆಯ ಹತ್ತಿರ ಕೂರಬೇಕು. ಹಾಗೆ ಕೂತಾಗಲೇ ಪಕ್ಕದ ಮೇಜಿನವನು ಕೊಪ್ಪಳದವನೆಂದು, ಅವನಿಗೂ ಮೇನ್ಸ್ ಎರಡು ಮಾರ್ಕಿನಲ್ಲಿ ಹೋಯಿತೆಂದು ತಿಳಿಯುವುದು. ರೂಮಿನಲ್ಲಿ ಮೊಬೈಲ್ ಮುಂದಿಟ್ಟುಕೊಂಡು ಪಾರ್ಸೆಲ್ ತಿನ್ನುವವನಿಗೆ ತಾನೊಬ್ಬನೇ ಸೋತವನೆಂಬ ಭ್ರಮೆ ಹತ್ತುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಆ ಭ್ರಮೆಯಷ್ಟು ಅಪಾಯದ್ದು ಬೇರೆ ಇಲ್ಲ.

ಇನ್ನೊಂದು ಮಾತು, ಕಹಿಯಾದರೂ ಹೇಳಬೇಕು. ತಿಂಗಳ ಊಟದ ಖಾತೆ ಇಟ್ಟುಕೊಳ್ಳುವ ಖಾನಾವಳಿಗಳು ಇನ್ನೂ ಉಳಿದಿವೆ. ಮನೆಯಿಂದ ದುಡ್ಡು ತಡವಾದರೂ 'ಉಣ್ಣಪಾ, ಆಮ್ಯಾಲ ಕೊಡಂತ' ಎನ್ನುವ ಅಕ್ಕಂದಿರು ಇದ್ದಾರೆ. ನೋಟ್‌ಬುಕ್ಕಿನ ಒಂದು ಪುಟಕ್ಕೆ ನಮ್ಮ ಹೆಸರು, ಪಕ್ಕದಲ್ಲಿ ಗೀಟು. ಪರೀಕ್ಷೆ ಮುಗಿದೊಡನೆ ಆ ಪುಟ ತೀರಿಸದೆ ರಾತ್ರಿ ಬಸ್ಸು ಹತ್ತುವವರೂ ನಮ್ಮೊಳಗೇ ಇದ್ದಾರೆ. ನೇಮಕಾತಿ ಅಧಿಸೂಚನೆ ಮುಂದಕ್ಕೆ ಹೋದಾಗ ಕೋಚಿಂಗಿನವರು ಮುಂಗಡ ಫೀಸು ಇಟ್ಟುಕೊಂಡು ಆರಾಮಾಗಿರುತ್ತಾರೆ, ಹುಡುಗರು ಊರಿಗೆ ಹೋಗಿ ಕೈ ಖಾಲಿಯಾಗುವುದು ಖಾನಾವಳಿಯವರಿಗೆ. ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಅಂಥ ಎರಡು ಮೂರು ತಿಂಗಳು ಒಟ್ಟಿಗೆ ಬಂದರೆ ಆ ಬೋರ್ಡು ಇಳಿದು ಅಲ್ಲಿ ಮೊಬೈಲ್ ಕವರ್ ಅಂಗಡಿ ಬರುತ್ತದೆ. ಊರಿಂದಲೂ ಫೋನಿನಲ್ಲೇ ದುಡ್ಡು ಹಾಕಬಹುದಾದ ಈ ಕಾಲದಲ್ಲಿ ಬಾಕಿ ಉಳಿಸಿಕೊಳ್ಳಲು ನೆಪವಿಲ್ಲ.

ಈ ವಾರ ಹೋಗುವವರಿದ್ದರೆ ಎಂಟೂವರೆಯೊಳಗೆ ಹೋಗಿ. ಒಂಬತ್ತು ದಾಟಿದರೆ ನಾದಿದ ಹಿಟ್ಟು ಮುಗಿದು, ಅಕ್ಕ ಒಲೆ ಆರಿಸಿ ಕೈ ತೊಳೆಯುತ್ತಿರುತ್ತಾರೆ. ಆಮೇಲೆ ಸಿಗುವುದು ಅನ್ನ, ಸಾರು.