ಓದಲಾಗದ ಹೇಳಿಕೆಗೆ ಸಹಿ

ಪೊಲೀಸರ ಬಗೆಗಿನ ಜನಾಭಿಪ್ರಾಯವನ್ನು ಅಪರಾಧಗಳ ಅಂಕಿಸಂಖ್ಯೆಯಿಂದ ಅಳೆಯುವುದು ವಾಡಿಕೆ. ಅಮೆರಿಕದ ಮನೋವಿಜ್ಞಾನಿ ಟಾಮ್ ಟೈಲರ್ ಶಿಕಾಗೋ ನಿವಾಸಿಗಳ ಅಧ್ಯಯನವನ್ನು ಆಧರಿಸಿ 1990ರಲ್ಲಿ ಪ್ರಕಟಿಸಿದ ಗ್ರಂಥ ಬೇರೆಯದನ್ನೇ ಹೇಳುತ್ತದೆ: ಫಲಿತಾಂಶ ತನ್ನ ಪರವಾಯಿತೇ ಎಂಬುದಕ್ಕಿಂತ, ತನ್ನ ಮಾತಿಗೆ ಕಿವಿಗೊಟ್ಟರೇ, ಗೌರವದಿಂದ ನಡೆಸಿಕೊಂಡರೇ ಎಂಬುದೇ ಜನರ ವಿಶ್ವಾಸವನ್ನು ಹೆಚ್ಚಾಗಿ ರೂಪಿಸುತ್ತದೆ.

ಕಾಸರಗೋಡಿನಲ್ಲಿ ಈ ಪ್ರಶ್ನೆಗೆ ಭಾಷೆಯೂ ಸೇರಿಕೊಳ್ಳುತ್ತದೆ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಯೊಬ್ಬನ ತಾಯಿಯೊಡನೆ ಠಾಣೆಗೆ ಹೋಗಿದ್ದೆ. ಅಧಿಕಾರಿ ಸೌಜನ್ಯಶೀಲರು, ಕುರ್ಚಿ ಕೊಟ್ಟರು, ಸಮಾಧಾನದಿಂದ ಕೇಳಿದರು, ಮಲಯಾಳದಲ್ಲಿ ಬರೆದುಕೊಂಡರು, ಓದಿಯೂ ಹೇಳಿದರು. ಆಕೆ ಸಹಿ ಹಾಕಿದರು. ಹೊರಬಂದೊಡನೆ ಕೇಳಿದ್ದು ಒಂದೇ: “ಮಾಷ್ಟ್ರೇ, ಅದರಲ್ಲಿ ನಾನು ಹೇಳಿದ್ದೇ ಉಂಟಲ್ಲಾ?”

ಒರಟುತನದಿಂದ ಹುಟ್ಟಿದ ಭಯವಲ್ಲ ಇದು. ತನ್ನ ಮಾತು ತನ್ನ ಕೈತಪ್ಪಿತೆಂಬ ಅಳುಕು. ಇಂಥವರು ಮುಂದಿನ ಬಾರಿ ಠಾಣೆಯ ಮೆಟ್ಟಿಲನ್ನೇ ಹತ್ತುವುದಿಲ್ಲ. ಊರಿನ ಮುಖಂಡನ ಮನೆಗೆ ಹೋಗುತ್ತಾರೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಬಾಯಿಮಾತಿನ ದೂರನ್ನು ಬರೆದು ಓದಿ ಹೇಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಅರ್ಥವಾಗದ ಓದು ಯಾವ ಓದು? ಕೇರಳದ 1969ರ ಅಧಿಕೃತ ಭಾಷಾ ಶಾಸನವು ಇಲ್ಲಿನ ಕನ್ನಡಿಗರಿಗೆ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸುವ ಹಕ್ಕನ್ನಿತ್ತಿದೆ. ಠಾಣೆಯೂ ಸರಕಾರಿ ಕಚೇರಿಯೇ ತಾನೆ!

2008ರಲ್ಲಿ ಆರಂಭವಾದ ‘ಜನಮೈತ್ರಿ’ ಯೋಜನೆ ಪೊಲೀಸರನ್ನು ಮನೆಬಾಗಿಲಿಗೆ ಕರೆತಂದದ್ದು ಮೆಚ್ಚತಕ್ಕದ್ದೇ. ಮಂಜೇಶ್ವರ, ಕುಂಬಳೆಗಳ ಮನೆಬಾಗಿಲಿಗೆ ಕನ್ನಡ ಬಲ್ಲವರನ್ನೇ ಕಳುಹಿಸಲಿ. ದೂರಿನ ಪ್ರತಿಯೊಡನೆ ಕನ್ನಡದ ಅನುವಾದವೂ ಆ ತಾಯಿಯ ಕೈಸೇರಲಿ.