ತೊಟ್ಟಿಲಿಗೆ ಹಿರಿಯರ ಹೆಸರು

ಶಿಶುವಿಗೆ ಹೆಸರಿಡುವುದನ್ನು ನಮ್ಮ ಪೂರ್ವಿಕರು ಷೋಡಶ ಸಂಸ್ಕಾರಗಳಲ್ಲಿ ಒಂದಾಗಿ ಎಣಿಸಿದರು. ಯಾವ ಮನೆಯಲ್ಲಿಯೂ ಕೇಳಿರದ ಹೊಸ ಹೆಸರನ್ನು ಹುಡುಕುವುದೇ ಈಚೆಗೆ ತಂದೆತಾಯಿಗಳ ದೊಡ್ಡ ಚಿಂತೆಯಾಗಿದ್ದಿತು. ಈಗ ಕೆಲವು ಮನೆಗಳಲ್ಲಾದರೂ ಅಜ್ಜ ಅಜ್ಜಿಯರ ಹೆಸರು ಮರಳಿ ತೊಟ್ಟಿಲಿಗೆ ಬರುತ್ತಿರುವುದನ್ನು ಕಂಡು ನಮಗೆ ಸಂತೋಷವಾಗಿದೆ. ಈ ವಿಷಯದಲ್ಲಿ ಗೃಹಸ್ಥರು ಯೋಚಿಸತಕ್ಕ ಕೆಲವು ಮಾತುಗಳುಂಟು.

ಮೊಮ್ಮಗನಿಗೆ ಅಜ್ಜನ ಹೆಸರನ್ನಿಡುವ ಪದ್ಧತಿ ನಮ್ಮ ನಾಡಿನಲ್ಲಿ ಬಹು ಪುರಾತನವಾದುದು. ಕ್ರಿ.ಶ. 543ರಲ್ಲಿ ಬಾದಾಮಿಯ ಬೆಟ್ಟವನ್ನು ಕೋಟೆಯಾಗಿ ಮಾಡಿದ ಚಾಲುಕ್ಯ ಪುಲಕೇಶಿಯ ಹೆಸರೇ ಅವನ ಮೊಮ್ಮಗನಾದ ಇಮ್ಮಡಿ ಪುಲಕೇಶಿಗೆ ಬಂದಿತು. ಹೊಯ್ಸಳರಲ್ಲಿ ಇಮ್ಮಡಿ ನರಸಿಂಹನು ಮೊದಲನೆಯ ನರಸಿಂಹನ ಮೊಮ್ಮಗನು. ಮುಮ್ಮಡಿ ನರಸಿಂಹನು ಇಮ್ಮಡಿ ನರಸಿಂಹನ ಮೊಮ್ಮಗನು. ಅರಮನೆಯ ಈ ರೂಢಿ ಸಾಮಾನ್ಯರ ಮನೆಗಳಲ್ಲಿಯೂ ಇದ್ದಿತು. ಮಾವನ ಹೆಸರನ್ನು ಸೊಸೆಯು ಉಚ್ಚರಿಸಬಾರದೆಂಬ ಮರ್ಯಾದೆಯಿಂದ, ಅಜ್ಜನ ಹೆಸರಿನ ಕೂಸನ್ನು ತಾಯಿಯು 'ಪುಟ್ಟ'ನೆಂದೋ 'ಅಪ್ಪಯ್ಯ'ನೆಂದೋ ಕರೆಯುತ್ತಿದ್ದಳು.

ಹಳೆಯ ಹೆಸರಿನಲ್ಲಿ ಮನೆತನದ ಚರಿತ್ರೆಯೇ ಅಡಗಿರುತ್ತದೆ. ನಂಜುಂಡ, ನಂಜಮ್ಮ ಎಂದರೆ ನಂಜನಗೂಡಿನ ಭಕ್ತಿ. ಮಾದಪ್ಪನೆಂದರೆ ಮಲೆಯ ಮಹದೇಶ್ವರನ ಒಕ್ಕಲು. ಎಲ್ಲಮ್ಮನೆಂದರೆ ಸವದತ್ತಿಯ ಗುಡ್ಡದ ಹರಕೆ. ಹುಟ್ಟಿದ ಮಕ್ಕಳನ್ನು ಕಳೆದುಕೊಂಡ ತಾಯಿಯು ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ 'ತಿಪ್ಪ' ಎಂದು ಕರೆಯುತ್ತಿದ್ದುದುಂಟು. ಹೀನವಾದ ಹೆಸರಿನ ಮೇಲೆ ಮೃತ್ಯುವಿನ ಕಣ್ಣು ಬೀಳದೆಂಬುದು ಅವಳ ನಂಬಿಕೆ. ಇಂತಹ ಹೆಸರನ್ನು ನಗುವವರಿಗೆ ಅದರ ಹಿಂದಿರುವ ಕಣ್ಣೀರು ತಿಳಿಯದು. ಆದರೆ ಹೆಣ್ಣು ಹುಟ್ಟಿದ್ದು ಸಾಕೆಂದು ಬೇಸತ್ತು 'ಸಾಕಮ್ಮ' ಎಂದಿಟ್ಟ ಮನೆಗಳೂ ಇದ್ದುವು. ಹಾಗೆ ಬಂದ ಹೆಸರನ್ನು ಪುನಃ ಒಂದು ಹೆಣ್ಣುಮಗುವಿನ ಮೇಲೆ ಹೊರಿಸುವುದು ನಮಗೆ ಸಮ್ಮತವಲ್ಲ. ಹಳೆಯದೆಲ್ಲವೂ ಉದ್ಧರಿಸತಕ್ಕದ್ದಲ್ಲ, ಅರ್ಥವನ್ನು ವಿಚಾರಿಸಿ ಆರಿಸಬೇಕು.

ಇನ್ನೊಂದು ಮಾತು. ಅಜ್ಜಂದಿರ ಹೆಸರು ಪಹಣಿಯಲ್ಲಿಯೋ ಕ್ರಯಪತ್ರದಲ್ಲಿಯೋ ಉಳಿದೀತು. ಅಜ್ಜಿಯರ ಹೆಸರಿಗೆ ಆ ಆಸರೆಯೂ ಅನೇಕ ವೇಳೆ ಇಲ್ಲ. ಉತ್ತರ ಕರ್ನಾಟಕದ ಮತ್ತು ಕರಾವಳಿಯ ಕೆಲವು ಸಮಾಜಗಳಲ್ಲಿ ಮದುವೆಯ ದಿನ ವಧುವಿನ ಹೆಸರನ್ನೇ ಬದಲಿಸಿ, ಹೊಸ ಹೆಸರನ್ನು ಅಕ್ಕಿಯಲ್ಲಿ ಬರೆಯುವ ಪದ್ಧತಿಯಿದ್ದಿತು. ಹೆತ್ತ ತಾಯಿ ಇಟ್ಟ ಹೆಸರು ಹೊಸ್ತಿಲಾಚೆಯೇ ಉಳಿಯಿತು. ಅಂತಹ ಅಜ್ಜಿಯ ಮೊದಲ ಹೆಸರನ್ನು ಮೊಮ್ಮಗಳಿಗೆ ಇಟ್ಟರೆ ಅದಕ್ಕಿಂತ ಒಳ್ಳೆಯ ಉಡುಗೊರೆ ಬೇರೊಂದಿಲ್ಲ.

ನಾಮಕರಣದ ದಿನ ಹಿರಿಯರ ಹೆಸರನ್ನು ಕಿವಿಯಲ್ಲಿ ಉಸುರಿ, ದಾಖಲೆಯಲ್ಲಿ ಬೇರೆ ಹೆಸರನ್ನು ಬರೆಯಿಸುವವರು ಅನೇಕರಿದ್ದಾರೆ. ಉಸುರಿದ ಹೆಸರು ಒಂದೇ ತಲೆಮಾರಿನಲ್ಲಿ ಮರೆತುಹೋಗುತ್ತದೆ. ಅವಸರಕ್ಕೂ ಕಾರಣವಿಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಜನನವನ್ನು 21 ದಿನಗಳೊಳಗೆ ತಿಳಿಸತಕ್ಕದ್ದಾದರೂ, ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಹಿರಿಯರನ್ನು ವಿಚಾರಿಸಲು ಇಷ್ಟು ಕಾಲ ಸಾಲದೆ?

ಆದುದರಿಂದ ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮನೆಯಲ್ಲಿ ಅಜ್ಜಿಯಿದ್ದರೆ, ಮಕ್ಕಳನ್ನು ಅವರ ಬಳಿ ಕುಳ್ಳಿರಿಸಿ, "ಅಜ್ಜೀ, ತವರಿನಲ್ಲಿ ನಿನ್ನನ್ನು ಏನೆಂದು ಕರೆಯುತ್ತಿದ್ದರು? ನಿನ್ನ ಅಜ್ಜಿಯ ಹೆಸರೇನು?" ಎಂದು ಕೇಳಿಸಿರಿ. ಅವರು ಹೇಳಿದ ಹೆಸರುಗಳನ್ನೂ, ಆ ಹೆಸರಿನವರು ಬಾಳಿದ ಬಗೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಿರಿ. ತೊಟ್ಟಿಲು ತೂಗುವ ದಿನ ಬಂದಾಗ ಆ ಪುಟವನ್ನು ತೆರೆದು ನೋಡಬಹುದು.